ಟಿವಿ ಸ್ಟ್ಯಾಂಡ್ ಲೆಕ್ಕದಲ್ಲಿ ಮೀನಿನ ತೊಟ್ಟಿ

ನಾನು ಮೈಸೂರಿನಲ್ಲಿ ಮರಗೆಲಸ ಮಾಡುವವನು. ಬಾಗಿಲು, ಮಂಚ, ಅಡುಗೆಮನೆ ಕಪಾಟು, ದೇವರ ಮಂಟಪ, ಏನು ಹೇಳಿದರೂ ಮಾಡಿಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ಗಿರಾಕಿಯ ಮನೆಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂದಿದೆ. "ಆಚಾರ್ರೇ, ಹಾಲ್ ತುಂಬಾ ನೀರು" ಅಂದರು. ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಆ ಫೋನಿಗೆ ಎಂಟು ತಿಂಗಳ ಮೊದಲು ಅವರಿಗೆ ಅಕ್ವೇರಿಯಂ ಇಡಲು ಸ್ಟ್ಯಾಂಡ್ ಮಾಡಿಕೊಟ್ಟಿದ್ದೆ. ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಳತೆ ಕೇಳಿದ ತಕ್ಷಣ ಕೈ ತಾನಾಗೇ ಟಿವಿ ಸ್ಟ್ಯಾಂಡ್ ಮಾಡಲು ಶುರು ಮಾಡಿತು. ಎರಡು ಪಕ್ಕಕ್ಕೆ ಪ್ಲೈವುಡ್, ಅವುಗಳ ನಡುವೆ ಮೇಲ್ಗಡೆ ಒಂದು 18 ಎಂಎಂ ಹಲಗೆ, ಪಕ್ಕದಿಂದ ಸ್ಕ್ರೂ, ಮುಂದೆ ಎರಡು ಬಾಗಿಲು, ಹೊರಗೆಲ್ಲ ತೇಗದ ಬಣ್ಣದ ಲ್ಯಾಮಿನೇಟ್. ಅವರ ಎದುರೇ ನಾನೂ ಇಬ್ಬರು ಹುಡುಗರೂ ಹತ್ತಿ ನಿಂತು ತೋರಿಸಿದ್ದೆವು. ಒಂದು ಕಿರ್ ಶಬ್ದ ಕೂಡ ಬರಲಿಲ್ಲ.

ನೀರಿನ ತೂಕ ಎಷ್ಟು ಅಂತ ನಾನು ಕೇಳಲೇ ಇಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಘನ ಅಡಿ ನೀರು 28 ಕಿಲೋ ಚಿಲ್ಲರೆ ತೂಗುತ್ತದೆ. ಆ ತೊಟ್ಟಿಯಲ್ಲಿ 9 ಘನ ಅಡಿ. ಅಂದರೆ ಸುಮಾರು 255 ಲೀಟರ್, ಅಷ್ಟೇ ಕಿಲೋ. 10 ಎಂಎಂ ಗಾಜೇ 50 ಕಿಲೋ ಆಗುತ್ತದೆ. ತಳಕ್ಕೆ ಮರಳು, ಕಲ್ಲು ಒಂದು 40 ಕಿಲೋ. ಎಲ್ಲ ಸೇರಿ ಮೂರೂವರೆ ಕ್ವಿಂಟಾಲ್ ಹತ್ತಿರ. ಏಳು ಮೂಟೆ ಅಕ್ಕಿ! ಟಿವಿ ಸ್ಟ್ಯಾಂಡ್ ಮೇಲೆ ಏಳು ಮೂಟೆ ಅಕ್ಕಿ ಪೇರಿಸಿ ಅಂತ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಇನ್ನು ನಾವು ಹತ್ತಿ ನಿಂತ ಪರೀಕ್ಷೆ. ನಾವು ನಿಂತಿದ್ದು ಒಂದು ನಿಮಿಷ. ನೀರು ಹಗಲೂ ರಾತ್ರಿ ಇಳಿಯದೆ ನಿಂತಿರುತ್ತದೆ. ಸುಮ್ನೆ ಭಾರ ಹೊತ್ತುಕೊಂಡೇ ಇದ್ದರೆ ಮರ ನಿಧಾನಕ್ಕೆ ಬಗ್ಗುತ್ತಾ ಹೋಗುತ್ತದೆ. ಪುಸ್ತಕ ತುಂಬಿದ ಕಪಾಟಿನ ಹಲಗೆ ನೋಡಿದರೆ ಗೊತ್ತಾಗುತ್ತದಲ್ವಾ?

ಮಾರನೇ ದಿನ ಬೆಳಿಗ್ಗೆ ಹೋದಾಗ ಗೋಲ್ಡ್ ಫಿಶ್‌ಗಳು ಬಕೆಟ್ಟಿನಲ್ಲಿದ್ದವು. ತೊಟ್ಟಿಯ ತಳದ ಗಾಜು ಒಂದು ಮೂಲೆಯಿಂದ ಓರೆಯಾಗಿ ಸೀಳಿತ್ತು. ಸ್ಟ್ಯಾಂಡ್ ಬಿಚ್ಚಿದೆ. ಮೇಲಿನ ಹಲಗೆ ನಡುವೆ ಅರ್ಧ ಇಂಚು ಇಳಿದಿತ್ತು. ಸ್ಕ್ರೂ ತೂತುಗಳು ದುಂಡಗಿರಲಿಲ್ಲ, ಹುಣಸೆ ಬೀಜದ ಹಾಗೆ ಕೆಳಕ್ಕೆ ಎಳೆದುಕೊಂಡಿದ್ದವು. ಎರಡು ಸ್ಕ್ರೂ ಸೊಟ್ಟಗಾಗಿದ್ದವು.

ನನಗೆ ಕೆಲಸ ಕಲಿಸಿದ್ದು ನಮ್ಮ ಸೋದರಮಾವ. ಹೆಂಚಿನ ಮನೆಗಳ ಕಾಲದ ಕೈ ಅದು. ಸ್ಟ್ಯಾಂಡ್ ಶೆಡ್ಡಿಗೆ ತಂದು ಹಾಕಿದಾಗ ಅವರು ಆ ತೂತುಗಳ ಮೇಲೆ ಬೆರಳಾಡಿಸಿ ನೋಡಿದರು. "ಹಲಗೇನ ಸ್ಕ್ರೂಗೆ ನೇತುಹಾಕಿದೀಯಲ್ಲೋ. ತೊಲೆ ಕಂಬದ ತಲೆ ಮೇಲೆ ಕೂರಬೇಕೋ, ಪಕ್ಕಕ್ಕೆ ಅಂಟಿಕೊಂಡಿರಬೇಕೋ?" ಅಂದರು. ಅಷ್ಟೇ. ಎಲೆ ಅಡಿಕೆ ಹಾಕಿಕೊಂಡು ಹೊರಟುಹೋದರು.

ಎರಡನೇ ಸ್ಟ್ಯಾಂಡ್ ನನ್ನ ಖರ್ಚಿನಲ್ಲೇ ಮಾಡಿದೆ. ಒಡೆದ ಹಳೇ ಮನೆಯ ಮತ್ತಿ ತೊಲೆ ಸಿಕ್ಕಿತು. ಹಳೇ ಮರ ಚೆನ್ನಾಗಿ ಒಣಗಿರುತ್ತದೆ, ಆಮೇಲೆ ತಿರುಚಿಕೊಳ್ಳುವ ಭಯ ಕಮ್ಮಿ. ಆದರೆ ಒಳಗೆ ಮುರಿದ ಮೊಳೆ ಇರುತ್ತವೆ. ನನಗೆ ಒಂದು ಗರಗಸದ ಬ್ಲೇಡ್ ಹೋಯಿತು.

4 ಇಂಚು 2 ಇಂಚಿನ ಪಟ್ಟಿ ಸೀಳಿಸಿ ಮೇಲಿನ ಚೌಕಟ್ಟು ಕಟ್ಟಿದೆ. ಪಟ್ಟಿಯನ್ನು ಮಲಗಿಸಬಾರದು, 4 ಇಂಚಿನ ಪಕ್ಕ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಬೇಕು. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ತಗೊಳ್ಳಿ. ಮಲಗಿಸಿ ಒತ್ತಿದರೆ ಬಗ್ಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಅದೇ ಮರ, ಅದೇ ದುಡ್ಡು. 4-2ರ ಪಟ್ಟಿ ನಿಂತಾಗ ಮಲಗಿದ್ದಕ್ಕಿಂತ ನಾಲ್ಕು ಪಟ್ಟು ಕಮ್ಮಿ ಬಗ್ಗುತ್ತದೆ. ಕಾಲುಗಳು 3 ಇಂಚು ಚೌಕ. ಪ್ರತಿ ಕಾಲಿನ ತಲೆಯಲ್ಲಿ ಉಳಿಯಿಂದ 2 ಇಂಚು ಕಚ್ಚು ತೆಗೆದು ಚೌಕಟ್ಟನ್ನು ಅದರೊಳಗೆ ಕೂರಿಸಿದೆ. ಈಗ ತೂಕ ಪಟ್ಟಿಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ. ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಮೇಲಿನದು ಕೆಳಗೆ ಬೀಳುವುದಿಲ್ಲ. ಸ್ಕ್ರೂ, ಫೆವಿಕಾಲ್ ಇರುವುದು ಅಲುಗದ ಹಾಗೆ ಹಿಡಿಯಲು ಮಾತ್ರ.

ಕೆಳಕ್ಕೆ ಒತ್ತುವ ಭಾರ ಒಂದಾದರೆ, ಪಕ್ಕಕ್ಕೆ ವಾಲುವುದು ಇನ್ನೊಂದು. ಮಗು ಬಂದು ಒರಗಿದರೆ ಸಾಕು, ಒಳಗಿನ ನೀರು ತುಳುಕಿ ಅದೇ ತಳ್ಳುತ್ತದೆ. ಅದಕ್ಕೆ ಹಿಂದಿನ ಪೂರ್ತಿ ಭಾಗಕ್ಕೆ 12 ಎಂಎಂ ಪ್ಲೈವುಡ್ ಅಂಟು ಹಾಕಿ ಬಿಗಿದೆ. ಫಿಲ್ಟರ್ ಪೈಪಿಗೆ ಜಾಗ ಬೇಕು, ಹಿಂದುಗಡೆ ಖಾಲಿ ಬಿಡಿ ಅಂತ ಮನೆಯವರು ಹಟ ಹಿಡಿದರು. ಈ ಸಲ ನಾನು ಒಪ್ಪಲಿಲ್ಲ. ಎರಡು ದುಂಡು ತೂತು ಕೊರೆದುಕೊಟ್ಟೆ.

ಒಂದು ವಿಷಯ ಮಾವನಿಗೂ ಹೊಳೆದಿರಲಿಲ್ಲ, ಅದನ್ನು ಹೇಳಿದ್ದು ಆ ಮನೆಯ ಅಮ್ಮ. "ದಿನಾ ನೆಲ ಒರೆಸ್ತೀವಲ್ಲ, ಕಾಲಿಗೆ ನೀರು ಹತ್ತಲ್ವಾ?" ನಿಜ. ಕಾಲಿನ ತಳದಲ್ಲಿ ಮರದ ನಾರಿನ ಬಾಯಿ ತೆರೆದಿರುತ್ತದೆ, ನೀರನ್ನು ಬತ್ತಿಯ ಹಾಗೆ ಹೀರುತ್ತದೆ. ತಳಕ್ಕೆ ಮೂರು ಸಲ ವಾರ್ನಿಶ್ ಕುಡಿಸಿ, ಕೆಳಗೆ ಗಟ್ಟಿ ರಬ್ಬರ್ ತುಂಡು ಹಾಕಿದೆ.

ಆಮೇಲೆ ನೆಲ. ಟೈಲ್ಸ್ ನೆಲ ಮಟ್ಟಸ ಅಂದುಕೊಂಡಿರುತ್ತೇವೆ. ರಸಮಟ್ಟ ಇಟ್ಟರೆ ಬಾಲ್ಕನಿ ಕಡೆಗೆ 4 ಅಡಿಗೆ 6 ಎಂಎಂ ಇಳಿಜಾರು ಇತ್ತು. ಎರಡು ಕಾಲಿನ ಕೆಳಗೆ ಅಲ್ಯೂಮಿನಿಯಂ ತಗಡಿನ ತುಂಡು ಕೊಟ್ಟು ಸರಿಮಾಡಿದೆ. ಏನಿದ್ದರೂ ಕಾಲಿನ ಕೆಳಗೇ ಕೊಡಬೇಕು. ತೊಟ್ಟಿಗೂ ಹಲಗೆಗೂ ನಡುವೆ ಒಂದು ಕಡೆ ಮಾತ್ರ ಏನಾದರೂ ತುರುಕಿದರೆ ಗಾಜಿನ ಕಥೆ ಮುಗಿಯಿತು. ಅಲ್ಲಿಗೆ ಪೂರ್ತಿ ಅಗಲದ ಥರ್ಮೋಕೋಲ್ ಶೀಟ್ ಒಂದೇ. ಸಣ್ಣಪುಟ್ಟ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ. ಕೆಳಗೆ ಪ್ಲಾಸ್ಟಿಕ್ ಚೌಕಟ್ಟು ಇರುವ ತೊಟ್ಟಿಗೆ ಮಾತ್ರ ಇದು ಬೇಡ, ಅದು ತನ್ನ ಚೌಕಟ್ಟಿನ ಮೇಲೇ ಕೂರಬೇಕು.

ಮೊದಲ ದಿನ ಅರ್ಧ ನೀರು ಹಾಕಿಸಿದೆ. ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನ ತನಕ ಟೇಪ್ ಹಿಡಿದು ನೋಡಿದೆ. ನೀರಿಗಿಂತ ಒಳ್ಳೇ ರಸಮಟ್ಟ ಇಲ್ಲ. ನಾಲ್ಕೂ ಕಡೆ ಒಂದೇ ಅಳತೆ. ಮಾರನೇ ದಿನವೂ ಅಷ್ಟೇ ಇತ್ತು, ಪೂರ್ತಿ ತುಂಬಿಸಿದೆವು. ಈಗ ಆರು ವರ್ಷ ಆಯಿತು.

ಹಳೇ ಸ್ಟ್ಯಾಂಡಿನ ಮೇಲಿನ ಹಲಗೆಯನ್ನು ನಾನು ಬಿಸಾಕಿಲ್ಲ. ಶೆಡ್ಡಿನಲ್ಲಿ ಎರಡು ಇಟ್ಟಿಗೆ ಮೇಲೆ ಇಟ್ಟಿದ್ದೇನೆ. ಕೆಲಸ ಕಲಿಯಲು ಹೊಸ ಹುಡುಗ ಬಂದರೆ ಕೈಗೆ ಒಂದು ಗೋಲಿ ಕೊಟ್ಟು, ಹಲಗೆಯ ತುದಿಯಲ್ಲಿ ಇಡು ಅನ್ನುತ್ತೇನೆ. ಅದು ಮೆಲ್ಲಗೆ ಉರುಳಿಕೊಂಡು ಬಂದು ನಡುವೆ ನಿಲ್ಲುತ್ತದೆ. ಹುಡುಗರು ನಗುತ್ತಾರೆ. ಯಾರು ಮಾಡಿದ್ದು ಇದು ಅಂತ ಕೇಳುತ್ತಾರೆ.