ಬಿಲ್ಲಿನಲ್ಲಿ ನಿಂತು ಕೇಳಿದ್ದು

ಪರವಾನಗಿ ಉಳ್ಳವರಿಗೆ ಋತುವಿನಲ್ಲಿ ಜಿಂಕೆ ಬೇಟೆಗೆ ಅವಕಾಶವಿರುವ ಕಾಡೊಂದರಲ್ಲಿ, ನಾಯಿಗಳನ್ನು ಬಿಟ್ಟು ಗುಂಪಾಗಿ ಹಳು ಸೋವುವ, ಅಂದರೆ ಪೊದೆಕಾಡಿನಿಂದ ಪ್ರಾಣಿಯನ್ನು ಹೊರಗಟ್ಟುವ, ಬೇಟೆಗೆ ನಾನೂ ಒಂದು ದಿನ ಹೋಗಿದ್ದೆ. ಬೇಟೆಯೆಂದರೆ ಕಣ್ಣಿನ ಕೆಲಸ ಎಂದುಕೊಂಡು ಹೋದ ನನಗೆ ಅಂದು ಹೆಚ್ಚಿನ ಹೊತ್ತು ಕೆಲಸವಿದ್ದದ್ದು ಕಿವಿಗೆ.

ಇಬ್ಬನಿ ಆರುವ ಮೊದಲೇ ಗುಂಪಿನ ಹಿರಿಯರು ನಮ್ಮನ್ನು ಸುತ್ತ ನಿಲ್ಲಿಸಿಕೊಂಡು, ಯಾರು ಯಾವ ಬಿಲ್ಲಿನಲ್ಲಿ, ಅಂದರೆ ಬೇಟೆಗಾರ ಹೊಂಚಿ ನಿಲ್ಲುವ ಜಾಗದಲ್ಲಿ, ಕಾಯಬೇಕು, ಅಲ್ಲಿಂದ ಯಾವ ದಿಕ್ಕಿಗೆ ಕೋವಿ ತಿರುಗಿಸಲೇ ಕೂಡದು ಎಂಬುದನ್ನು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಕರೆ ಬರುವವರೆಗೆ ಬಿಲ್ಲು ಬಿಟ್ಟು ಒಂದು ಹೆಜ್ಜೆಯೂ ಕದಲಕೂಡದು. ಜಿಂಕೆಯ ಹಿಂದೆ ಗುಂಡನ್ನು ತಡೆಯುವಂಥ ಮಣ್ಣಿನ ದಿಬ್ಬವಿಲ್ಲದಿದ್ದರೆ ಈಡು ಹೊಡೆಯಕೂಡದು. ಎಲ್ಲರಿಗೂ ಕಿತ್ತಳೆ ಬಣ್ಣದ ಮೇಲಂಗಿ ಕಡ್ಡಾಯ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ಮಂಕಾಗಿಯೂ ನೀಲಿ ಎದ್ದೂ ಕಾಣುತ್ತದೆಯಾದ್ದರಿಂದ, ನಾನು ಆಸೆಪಟ್ಟು ಸುತ್ತಿಕೊಂಡಿದ್ದ ನೀಲಿ ಮಫ್ಲರನ್ನು ಬಿಚ್ಚಿಸಿ ಜೇಬಿಗೆ ಹಾಕಿಸಿದರು.

ಹಳುವಿಗೆ ಬಿಟ್ಟ ನಾಯಿಗಳು ಎರಡೇ, ಎರಡೂ ಗಿಡ್ಡ ಕಾಲಿನವು, ಸ್ವೀಡನ್ನಿನ ಡ್ರೆವರ್ ತಳಿಯವು. ನೋಡಿದ ಕೂಡಲೇ ನನಗೆ ನಿರಾಸೆಯೇ ಆಯಿತು. ಆದರೆ ವೇಗದ ನಾಯಿ ಬೆನ್ನು ಹತ್ತಿದರೆ ಜಿಂಕೆ ದಿಕ್ಕೆಟ್ಟು ಓಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಲ್ಲುಗಳನ್ನು ದಾಟಿಬಿಡುತ್ತದೆ. ಬೊಗಳುತ್ತ ನಿಧಾನವಾಗಿ ಬರುವ ನಾಯಿಯ ಮುಂದಾದರೋ ಅದು ನಾಲ್ಕು ಹೆಜ್ಜೆ ನಡೆದು, ನಿಂತು, ಹಿಂದಿನ ಸದ್ದನ್ನು ಆಲಿಸಿ ಮತ್ತೆ ಮುಂದುವರಿಯುತ್ತದೆ. ಇಂಗ್ಲೆಂಡಿನಲ್ಲಿ ನಾಯಿಗಳ ಹಿಂಡು ದೀರ್ಘಕಾಲ ಅಟ್ಟಿದ ಕೆಂಜಿಂಕೆಗಳ ದೇಹಸ್ಥಿತಿಯನ್ನು ಪರೀಕ್ಷಿಸಿ ಪ್ರಾಣಿವರ್ತನೆಯ ವಿಜ್ಞಾನಿ ಪ್ಯಾಟ್ರಿಕ್ ಬೇಟ್ಸನ್ ಅವರು 1997ರಲ್ಲಿ ನೀಡಿದ ವರದಿ ಅವುಗಳ ತೀವ್ರ ಬಳಲಿಕೆಯನ್ನು ದಾಖಲಿಸಿತ್ತು. ಅಂಥ ಬೇಟೆಯನ್ನು ಅಲ್ಲಿ 2004ರ ಕಾಯ್ದೆ ನಿಷೇಧಿಸಿತು. ಆ ಬಗೆಯ ಬೇಟೆಗೆ ಕರೆದರೆ ನಾನಂತೂ ಹೋಗಲಾರೆ.

ನನ್ನದು ಒಣ ಹಳ್ಳದ ತಿರುವಿನಲ್ಲಿದ್ದ ನಾಲ್ಕನೆಯ ಬಿಲ್ಲು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅನಂತರ ಗುಡ್ಡದಾಚೆಯಿಂದ ಅನುಮಾನದ ಕುಂಯ್‌ಗುಟ್ಟುವಿಕೆಯೊಂದು ಬಂದು, ಅದು ತುಸು ಹೊತ್ತಿನಲ್ಲೇ ಲಯಬದ್ಧವಾದ ಬೊಗಳುವಿಕೆಯಾಗಿ ಬದಲಾಯಿತು. ಜಾಡು ಹೊಸದೆಂಬುದಕ್ಕೆ ಅದೇ ಗುರುತು. ಬೊಗಳು ಎಡಕ್ಕೆ ಸರಿಯಿತು, ದೂರವಾಯಿತು, ಥಟ್ಟನೆ ನಿಂತೇಹೋಯಿತು. ಜಿಂಕೆಯ ಗೊರಸಿನ ಸೀಳಿನ ನಡುವೆ ಇರುವ ಗ್ರಂಥಿಯ ವಾಸನೆ ಹೆಜ್ಜೆಹೆಜ್ಜೆಗೂ ನೆಲಕ್ಕೆ ಅಂಟುತ್ತ ಹೋಗುತ್ತದೆ. ಅದು ಬಂದ ದಾರಿಯಲ್ಲೇ ಹಿಂದಿರುಗಿ ಪಕ್ಕಕ್ಕೆ ನೆಗೆದರೆ ಅಥವಾ ನೀರಿಗಿಳಿದರೆ ನಾಯಿ ಪುನಃ ಮೊದಲಿನಿಂದ ಹುಡುಕಬೇಕಾಗುತ್ತದೆ. ಆ ಮೌನದಲ್ಲಿ ನನ್ನ ಎದೆಬಡಿತವೇ ನನಗೆ ಗದ್ದಲವೆನಿಸಿತು.

ಬೊಗಳು ಮತ್ತೆ ಶುರುವಾದಾಗ ನಾಯಿ ಇನ್ನೂ ಗುಡ್ಡದಾಚೆಯೇ ಇತ್ತು, ಜಿಂಕೆ ಮಾತ್ರ ನನ್ನೆದುರು ನಿಂತಿತ್ತು. ಮೂವತ್ತು ಮೀಟರಿಗಿಂತ ಹೆಚ್ಚಿರಲಾರದು. ಒದ್ದೆ ಮೂಗು ಹೊಳೆಯುತ್ತಿತ್ತು. ಒಂದು ಕಿವಿ ಹಿಂದಕ್ಕೆ ಹೊರಳಿತ್ತು, ಇನ್ನೊಂದು ನನ್ನ ಕಡೆಗಿತ್ತು. ಆದರೆ ಅದು ನಿಂತದ್ದು ದಿಬ್ಬದ ನೆತ್ತಿಯಲ್ಲಿ, ಅದರ ಹಿಂದೆ ಇದ್ದದ್ದು ಬರೀ ಆಕಾಶ. ನಾನು ಕೋವಿ ಎತ್ತಲಿಲ್ಲ. ಜಿಂಕೆ ಹಳ್ಳಕ್ಕಿಳಿದು ಮರೆಯಾಯಿತು, ಕೆಲವು ನಿಮಿಷಗಳ ಬಳಿಕ ಐದನೆಯ ಬಿಲ್ಲಿನಿಂದ ಈಡಿನ ಸದ್ದು ಕೇಳಿತು.

ಈಡು ಬಿದ್ದ ಜಾಗದಲ್ಲಿ ಜಿಂಕೆ ಇರಲಿಲ್ಲ. ಎಲೆಯ ಮೇಲಿನ ರಕ್ತ ನೊರೆಯಿಲ್ಲದೆ ಕಪ್ಪುಗೆಂಪಾಗಿತ್ತು. ಶ್ವಾಸಕೋಶಕ್ಕೆ ತಗುಲಿದ್ದರೆ ತಿಳಿಗೆಂಪು ನೊರೆ ಕಾಣುತ್ತಿತ್ತು, ಇದು ಯಕೃತ್ತಿನ ಏಟು ಎಂದು ಹಿರಿಯರು ಹೇಳಿ, ಒಂದು ಗಂಟೆ ಯಾರನ್ನೂ ಮುಂದೆ ಬಿಡಲಿಲ್ಲ. ಕೂಡಲೇ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಎದ್ದು ಮತ್ತಷ್ಟು ದೂರ ಓಡುತ್ತದೆಯಂತೆ. ದಿನವಿಡೀ ನನಗೆ ಕಷ್ಟವೆನಿಸಿದ್ದು ಆ ಒಂದು ಗಂಟೆಯೇ. ಕೊನೆಗೆ ಉದ್ದ ಹಗ್ಗ ಕಟ್ಟಿದ ಮುದಿ ನಾಯಿಯೊಂದು ಇನ್ನೂರು ಹೆಜ್ಜೆಯಾಚೆಯ ಪೊದೆಯೊಂದರ ಕೆಳಗೆ, ಆಗಲೇ ಸತ್ತಿದ್ದ ಜಿಂಕೆಯ ಬಳಿಗೆ ನಮ್ಮನ್ನು ಕರೆದೊಯ್ದಿತು. ಸುಲಿದು ಪಾಲು ಹಾಕುವ ಕೆಲಸ ಬೇಗ ಮುಗಿಯಿತು.

ಸಂಜೆ ಲೆಕ್ಕ ಹಾಕಿದರೆ ಒಂದು ನಾಯಿ ಕಡಿಮೆ. ಅದರ ಕೊರಳಪಟ್ಟಿಯ ಜಿಪಿಎಸ್‌ನ ಬ್ಯಾಟರಿ ಸತ್ತಿತ್ತು. ಕತ್ತಲಾಗುವವರೆಗೆ ಕೂಗಿ ಸೋತ ಯಜಮಾನ, ಬೆಳಿಗ್ಗೆ ನಾಯಿ ಬಿಟ್ಟಿದ್ದ ಜಾಗದಲ್ಲೇ ತನ್ನ ಕೋಟನ್ನು ಹಾಸಿ ಬಂದ. ಮರುದಿನ ನಸುಕಿನಲ್ಲಿ ಹೋಗಿ ನೋಡಿದಾಗ ನಾಯಿ ಕೋಟಿನ ತೋಳಿನೊಳಗೆ ಮೂತಿ ತೂರಿಸಿಕೊಂಡು ಮಲಗಿತ್ತು; ನಾವು ಹತ್ತಿರ ಹೋದರೂ ತಲೆ ಎತ್ತಲಿಲ್ಲ, ಬಾಲವನ್ನಷ್ಟೇ ಎರಡು ಸಲ ನೆಲಕ್ಕೆ ಬಡಿಯಿತು.