ಅಂಡಮಾನ್ ಪ್ಲಾನ್: ಲಿಸ್ಟ್ ಬದಿಗಿಟ್ಟು ಪಂಚಾಂಗ ತೆಗೆದೆವು

2 ನವೆಂಬರ್ 2025, ಭಾನುವಾರ, ಬೆಂಗಳೂರು

ಅಂಡಮಾನ್‌ಗೆ ಹೋಗುವ ವಾರ ಇವತ್ತು ಗಟ್ಟಿಯಾಯಿತು. ಫೆಬ್ರವರಿ ಎರಡನೇ ವಾರ. ಶಿವರಾತ್ರಿ 15ಕ್ಕೆ ಬಂದಿದೆ, ಹಬ್ಬಕ್ಕೆ ಅತ್ತೆ ಹೊನ್ನಾವರದ ಮನೆಯಲ್ಲಿರಬೇಕು, ಹಾಗಾಗಿ ಅದಕ್ಕೆ ಮೊದಲೇ ವಾಪಸ್. ಹೋಗುವವರು ನಾವಿಬ್ಬರು, ಅತ್ತೆ, ಯುಕೆಜಿಯಲ್ಲಿರುವ ಮಗಳು, ಮತ್ತೆ ಡಿಸೆಂಬರ್‌ನಲ್ಲಿ ಎರಡು ವರ್ಷ ತುಂಬುವ ಮಗ. ಎರಡು ತುಂಬಿದ ಮೇಲೆ ವಿಮಾನದಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ, ಅವನಿಗೂ ಒಂದು ಸೀಟು ತೆಗೆಯಬೇಕು. ಚಿಕ್ಕ ಮಕ್ಕಳ ಜೊತೆ ದ್ವೀಪಕ್ಕೆ ಹೋಗುವ ಯೋಚನೆ ಇರುವ ಬೇರೆ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲಿ ಅಂತ, ಇವತ್ತು ಕೂತು ಮಾಡಿದ ಲೆಕ್ಕಾಚಾರವನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಲಕ್ಷದ್ವೀಪ, ಮಾಲ್ಡೀವ್ಸ್ ಎರಡೂ ಮಾತಿಗೆ ಬಂದಿದ್ದವು. ಲಕ್ಷದ್ವೀಪದ ಆಳವಿಲ್ಲದ ನೀರು ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ಅಲ್ಲಿಗೆ ನಮ್ಮ ದೇಶದವರಿಗೂ ಪರವಾನಗಿ ಬೇಕು. ಮಾಲ್ಡೀವ್ಸ್‌ಗೆ ಇಬ್ಬರು ಮಕ್ಕಳಿಗೂ ಪಾಸ್‌ಪೋರ್ಟ್ ಮಾಡಿಸಬೇಕು. ಅಂಡಮಾನ್‌ಗೆ ಬೆಂಗಳೂರಿನಿಂದ ನೇರ ವಿಮಾನ ಇದೆ, ನಾವು ಹೋಗುವ ದ್ವೀಪಗಳಿಗೆ ಪರವಾನಗಿಯೂ ಬೇಡ, ಮಕ್ಕಳ ಆಧಾರ್ ಕಾರ್ಡ್ ಇಟ್ಟುಕೊಂಡರೆ ಸಾಕು. ಅಲ್ಲಿಗೆ ಆ ಮಾತು ಮುಗಿಯಿತು.

ಕಳೆದ ವಾರ ಒಬ್ಬ ಟ್ರಾವೆಲ್ ಏಜೆಂಟ್ ಒಂದು ಪ್ಲಾನ್ ಕಳಿಸಿದ್ದರು. ಇಳಿದ ದಿನವೇ ಸೆಲ್ಯುಲಾರ್ ಜೈಲು, ರಾತ್ರಿ ಅಲ್ಲೇ ಲೈಟ್ ಅಂಡ್ ಸೌಂಡ್ ಶೋ, ಮರುದಿನ ರಾಸ್ ಮತ್ತು ನಾರ್ತ್ ಬೇ, ಅದರ ಮರುದಿನ ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದು ಬಾರಾಟಾಂಗ್ ದ್ವೀಪ, ಆಮೇಲೆ ಹ್ಯಾವ್‌ಲಾಕ್ ದ್ವೀಪ, ಎಲಿಫೆಂಟ್ ಬೀಚ್, ನೀಲ್ ದ್ವೀಪ, ಹೀಗೆ ಒಂದು ದಿನವೂ ಬಿಡುವಿಲ್ಲ. ದೊಡ್ಡವರಿಗೆ ಸರಿ ಇರಬಹುದು. ಮಧ್ಯಾಹ್ನ ಮಲಗದಿದ್ದರೆ ಸಂಜೆಗೆ ಊರು ಒಂದು ಮಾಡುವ ಮಗುವನ್ನು ಇಟ್ಟುಕೊಂಡು ಇದು ಆಗುವ ಕೆಲಸವಲ್ಲ. ಬಾರಾಟಾಂಗ್ ಅಂತೂ ನನಗೆ ಬೇಡವೇ ಬೇಡ. ಆ ದಾರಿ ಜಾರವಾ ಅನ್ನುವ ಬುಡಕಟ್ಟು ಜನರ ಕಾಡಿನ ಮಧ್ಯೆ ಹೋಗುತ್ತದೆ, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಬಿಡುತ್ತಾರೆ, ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅವರ ಪಾಡಿಗೆ ಅವರು ಬದುಕುತ್ತಿರುವ ಕಾಡನ್ನು ನಮ್ಮ ರಜೆಗಾಗಿ ಹಾದು ಹೋಗುವುದು ನನಗೆ ಸರಿ ಅನ್ನಿಸುವುದಿಲ್ಲ, ಮಕ್ಕಳಿಗೂ ಅದನ್ನು ಕಲಿಸುವುದು ಬೇಡ.

ನಮ್ಮ ಮಗಳಿಗೆ ಬೇಕಿರುವುದು ಮರಳು, ಒಂದು ಬಕೆಟ್, ಮೊಣಕಾಲು ಮುಳುಗುವಷ್ಟು ನೀರು. ಮಗನಿಗೆ ಬಕೆಟ್ ಕೂಡ ಬೇಡ. ಅಂದಮೇಲೆ ನೋಡಬೇಕಾದ ಜಾಗಗಳ ಲಿಸ್ಟ್ ಹಿಡಿದು ಓಡುವುದು ಯಾರಿಗಾಗಿ? ಹಾಗಾಗಿ ಇವತ್ತು ಆ ಪ್ಲಾನ್ ಬದಿಗಿಟ್ಟು ಎರಡೇ ವಿಷಯ ಹಿಡಿದು ಕೂತೆವು. ಬಿಸಿಲು ಯಾವ ಹೊತ್ತಿಗೆ, ನೀರು ಯಾವ ಹೊತ್ತಿಗೆ.

ಬಿಸಿಲಿನ ಲೆಕ್ಕ ಇವರು ಮಾಡಿದರು, ಅದು ಹೊಳೆದದ್ದು ನಿಜವಾಗಲೂ ಒಳ್ಳೆಯದಾಯಿತು. ಗಡಿಯಾರ ಅಲ್ಲೂ ಇಲ್ಲೂ ಒಂದೇ. ಆದರೆ ಬೆಂಗಳೂರು ಇರುವುದು 77 ಡಿಗ್ರಿ ಚಿಲ್ಲರೆ ರೇಖಾಂಶದಲ್ಲಿ, ಅಂಡಮಾನ್ ಸುಮಾರು 93ರ ಹತ್ತಿರ. 15 ಡಿಗ್ರಿಗೆ ಒಂದು ಗಂಟೆ ಅಂದರೆ ಸೂರ್ಯ ಅಲ್ಲಿ ನಮಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂದೆ. ಫೆಬ್ರವರಿಯಲ್ಲಿ ಬೆಳಿಗ್ಗೆ 6ಕ್ಕೆ ಮೊದಲೇ ಬೆಳಕಾಗುತ್ತದೆ, ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗುತ್ತದೆ. ನಡು ನೆತ್ತಿಗೆ ಬರುವುದು ಹನ್ನೆರಡೂವರೆಗಲ್ಲ, ಹನ್ನೊಂದೂವರೆಗೆ. ಹತ್ತರಿಂದ ನಾಲ್ಕರವರೆಗೆ ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅಲ್ಲಿ ಅದನ್ನು ಒಂಬತ್ತರಿಂದ ಮೂರು ಅಂತ ಓದಿಕೊಳ್ಳಬೇಕು. ತಿಂಡಿ ತಿಂದು ಆರಾಮಾಗಿ ಹತ್ತಕ್ಕೆ ಬೀಚಿಗೆ ಹೊರಟರೆ ಉರಿ ಬಿಸಿಲಿಗೇ ಹೊರಟ ಹಾಗೆ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ನೀರು, ಆಮೇಲೆ ತಿಂಡಿ, ನೆರಳು, ಊಟ, ನಿದ್ದೆ, ಮತ್ತೆ ಮೂರಕ್ಕೆ ಎದ್ದು ಐದರವರೆಗೆ ಮರಳು. ಇದೇ ನಮ್ಮ ದಿನ. ಈಗ ರಾತ್ರಿ ಹತ್ತಕ್ಕೆ ಮಲಗುವ ಮಗಳನ್ನು ಜನವರಿ ಕೊನೆಯಿಂದಲೇ ಸ್ವಲ್ಪ ಸ್ವಲ್ಪ ಬೇಗ ಮಲಗಿಸಬೇಕು.

ನೀರಿನ ಲೆಕ್ಕ ಅತ್ತೆಯದು. ಅವರು ಹುಟ್ಟಿ ಬೆಳೆದದ್ದು ಕಾಸರಕೋಡು ಕಡೆ, ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಇಳಿತ ನೋಡಿಕೊಂಡು ಬಳಚು (ಚಿಪ್ಪುಮೀನು) ಹೆಕ್ಕಲು ಹೋಗುತ್ತಿದ್ದವರು. ನಾನು ಫೋನಿನಲ್ಲಿ ಹವಾಮಾನ ಹುಡುಕುತ್ತಿದ್ದರೆ ಅವರು ಪಂಚಾಂಗ ತಂದು ಕೂತರು. "ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಬೇಡ ಮಗಾ, ನೀರು ಜೋರು ಏರ್ತದೆ, ಜೋರು ಇಳೀತದೆ. ಅಷ್ಟಮಿ ನೋಡು" ಅಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯ ಚಂದ್ರ ಇಬ್ಬರ ಸೆಳೆತವೂ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತದೆ, ಅಷ್ಟಮಿಗೆ ಅಡ್ಡಡ್ಡ ಬೀಳುತ್ತದೆ. ಹಾಗಾಗಿ ಅಷ್ಟಮಿ ಮತ್ತು ಅದರ ನಂತರದ ಒಂದೆರಡು ದಿನ ಭರತಕ್ಕೂ ಇಳಿತಕ್ಕೂ ಅಂತರ ಕಡಿಮೆ. ಮಾಘ ಬಹುಳ ಅಷ್ಟಮಿ ಬರುವುದು ಫೆಬ್ರವರಿ 9ರ ಸೋಮವಾರ. ನಮ್ಮ ವಾರ ಗಟ್ಟಿಯಾದದ್ದು ಹೀಗೆ. ವಾರದ ಮಧ್ಯೆ ಆದ್ದರಿಂದ ಜನವೂ ಕಡಿಮೆ, ಮೇಲಾಗಿ ಅಲ್ಲಿ ಮಳೆ ತೀರಾ ಕಡಿಮೆ ಇರುವ ತಿಂಗಳುಗಳಲ್ಲಿ ಅದೂ ಒಂದು. ಮೇ ಬಂದರೆ ಮುಂಗಾರು ಮೊದಲು ಮುಟ್ಟುವುದೇ ಅಂಡಮಾನನ್ನು.

ಇಷ್ಟೆಲ್ಲ ಯಾಕೆ ಅಂದರೆ, ಅಲ್ಲಿನ ಎಷ್ಟೋ ಬೀಚುಗಳಲ್ಲಿ ನೀರು ಇಳಿದಾಗ ಹವಳದ ಕಲ್ಲು ಎದ್ದು ನಿಲ್ಲುತ್ತದೆ. ಹ್ಯಾವ್‌ಲಾಕ್‌ನ ವಿಜಯನಗರ ಬೀಚ್, ನೀಲ್‌ನ ಭರತ್‌ಪುರ ಎರಡೂ ಹಾಗೆಯೇ. ಭರತ ಇದ್ದಾಗ ಮಕ್ಕಳಿಗೆ ಸ್ವರ್ಗ, ಪೂರ್ತಿ ಇಳಿದಾಗ ಕಾಲು ಕೊಯ್ಯುತ್ತದೆ, ನಾವು ತುಳಿದರೆ ಜೀವ ಇರುವ ಹವಳವೂ ಸಾಯುತ್ತದೆ. ಫೋಟೋ ನೋಡಿ ಹೋಟೆಲ್ ತೆಗೆಯುವಾಗ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಫೋಟೋಗಳೆಲ್ಲ ನೀರು ತುಂಬಿದಾಗ ತೆಗೆದವು. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸಮಯದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುತ್ತದೆ, ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸೈಟಿನಲ್ಲೂ ನೋಡಬಹುದು. ಹೊರಡುವ ಮೊದಲು ಅದನ್ನು ಪ್ರಿಂಟ್ ಮಾಡಿ ಬ್ಯಾಗಿನಲ್ಲಿ ಇಡುತ್ತೇನೆ, ದ್ವೀಪಗಳಲ್ಲಿ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ.

ಇನ್ನು ಜಾಗ. ಹೆಸರುಗಳು ಎಲ್ಲ ಬದಲಾಗಿವೆ, ಟಿಕೆಟ್ ಮಾಡುವಾಗ ಗೊಂದಲ ಬೇಡ: ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ಇವೆರಡೂ 2018ರಲ್ಲಿ ಆದದ್ದು. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ನಾವು ಹೆಚ್ಚು ದಿನ ಉಳಿಯುವುದು ಹ್ಯಾವ್‌ಲಾಕ್‌ನಲ್ಲಿ, ಆಮೇಲೆ ನೀಲ್. ಅಷ್ಟೇ. ವಿಜಯನಗರ ಬೀಚ್ ಪೂರ್ವಕ್ಕೆ ಮುಖ ಮಾಡಿದೆ, ಅಲ್ಲಿ ಸೀ ಮಹುವಾ ಮರಗಳು ಮರಳಿನ ಮೇಲೆ ಬಾಗಿಕೊಂಡಿವೆ, ಒಳ್ಳೆ ನೆರಳು, ಅದರ ಹತ್ತಿರವೇ ರೂಮು ನೋಡುತ್ತಿದ್ದೇವೆ. ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ಹಿಂದೆ ಎತ್ತರದ ಕಾಡು. ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ, ನಾವು ಬೆಳಿಗ್ಗೆಯೇ ಹೋಗುವವರು, ಆ ಕಾಡಿನ ನೆರಳು ಮರಳಿನ ಮೇಲೆ ಇರುವಾಗ. ಅಲ್ಲಿ ಅಲೆ ಸ್ವಲ್ಪ ಇದೆ, ಹಾಗಾಗಿ ಮಗನಿಗೆ ಮರಳು ಮಾತ್ರ.

ರಾಧಾನಗರಕ್ಕೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದ್ದು 2020ರಲ್ಲಿ, ಅದೇ ಪಟ್ಟಿಯಲ್ಲಿ ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಯೂ ಇದ್ದವು. ಅತ್ತೆಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಹಾಗಾಗಿ ಡಿಸೆಂಬರ್ ರಜೆಯಲ್ಲಿ ಮೊದಲು ಕಾಸರಕೋಡಿಗೇ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಉಪ್ಪುನೀರು ಕಣ್ಣಿಗೆ ಬಿದ್ದರೆ ಏನು ಮಾಡುತ್ತಾರೆ, ಮರಳು ಅಂಟಿದರೆ ಅಳುತ್ತಾರಾ, ತೋಳು ತುಂಬಾ ಇರುವ ಈಜುಡುಗೆ ಇಷ್ಟು ಹೊತ್ತು ಹಾಕಿಕೊಂಡು ಇರುತ್ತಾರಾ, ಇದೆಲ್ಲ ದ್ವೀಪಕ್ಕೆ ಹೋಗುವ ಮೊದಲೇ ಗೊತ್ತಾದರೆ ಒಳ್ಳೆಯದು ಅಲ್ವಾ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆ. ಮ್ಯಾಕ್ರೂಜ್, ನಾಟಿಕಾ, ಗ್ರೀನ್ ಓಶನ್ ಅಂತೆಲ್ಲ ಇವೆ, ಸರ್ಕಾರಿ ಫೆರಿ ಅಗ್ಗ, ಆದರೆ ನಿಧಾನ. ನಾವು ಬೆಳಗಿನ ಫೆರಿಯನ್ನೇ ತೆಗೆಯುತ್ತೇವೆ, ಕೆಳಗಿನ ಅಂತಸ್ತಿನ ಮಧ್ಯದ ಸೀಟು, ಅಲ್ಲಿ ತೂಗಾಟ ಕಡಿಮೆ. ಹೊಟ್ಟೆಗೆ ಇಡ್ಲಿಯಂಥದ್ದು ಸ್ವಲ್ಪ, ಹಾಲು ಬೇಡ. ವಾಂತಿ ನಿಲ್ಲುವ ಮಾತ್ರೆಯ ವಿಷಯ ಮಾತ್ರ ದಯವಿಟ್ಟು ಸುಮ್ನೆ ಯಾರೋ ಹೇಳಿದರು ಅಂತ ಕೊಡಬೇಡಿ. ಪ್ರೊಮೆಥಜಿನ್ ಅನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆ ಆಗಬಹುದು. ನಮ್ಮವನಿಗೆ ಆಗಷ್ಟೇ ಎರಡು ತುಂಬಿರುತ್ತದೆ, ಮಕ್ಕಳ ಡಾಕ್ಟರನ್ನು ಕೇಳದೆ ಒಂದು ಹನಿಯೂ ಇಲ್ಲ. ಹ್ಯಾವ್‌ಲಾಕ್‌ನಲ್ಲಿ ಆರೋಗ್ಯ ಕೇಂದ್ರ ಇದೆ, ದೊಡ್ಡ ಆಸ್ಪತ್ರೆ ಬೇಕೆಂದರೆ ಪೋರ್ಟ್ ಬ್ಲೇರ್‌ಗೇ ಬರಬೇಕು. ಆದ್ದರಿಂದ ಓಆರ್‌ಎಸ್, ಥರ್ಮಾಮೀಟರ್, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಿರಪ್, ಎಲ್ಲ ಕೈಚೀಲದಲ್ಲೇ.

ನೀರಿನ ಬಗ್ಗೆ ಮನೆಯಲ್ಲಿ ಒಂದೇ ನಿಯಮ ಮಾಡಿದ್ದೇವೆ. ಮಗು ನೀರಿನಲ್ಲಿದ್ದರೆ ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ, ಫೋನ್ ಇಲ್ಲದೆ. ಮುಳುಗುವ ಮಗು ಕೂಗುವುದಿಲ್ಲ, ಸದ್ದೇ ಇಲ್ಲದೆ ಮುಳುಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಗಾಳಿ ತುಂಬುವ ಟ್ಯೂಬು, ತೋಳಿಗೆ ಹಾಕುವ ಬಲೂನು ನಮಗೆ ಬೇಡ, ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇಲ್ಲಿಂದಲೇ ಒಯ್ಯುತ್ತೇವೆ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇದೆ, 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಒಬ್ಬ ಪ್ರವಾಸಿ ಸತ್ತರು. ಹೆದರಿ ಹೋಗದೆ ಇರುವಷ್ಟಿಲ್ಲ, ಆದರೆ ತೊರೆ ಬಂದು ಸೇರುವ ಜಾಗ, ಕಾಂಡ್ಲಾ ಕಾಡಿನ ಅಂಚು, ಮುಸ್ಸಂಜೆಯ ನೀರು, ಇವು ಮೂರಕ್ಕೂ ನಾವು ಹೋಗುವುದಿಲ್ಲ, ಬೋರ್ಡ್ ಇದ್ದರೆ ಆಚೆ ಇಳಿಯುವುದಿಲ್ಲ.

ಅತ್ತೆ ಸುನಾಮಿ ಬಗ್ಗೆ ಕೇಳಿದರು. 2004ರ ಡಿಸೆಂಬರ್ 26 ಅವರಿಗೆ ಚೆನ್ನಾಗಿ ನೆನಪಿದೆ. ಈಗ ಹೈದರಾಬಾದಿನಿಂದ ಮುನ್ನೆಚ್ಚರಿಕೆ ಕೊಡುವ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಆದರೂ ನೆಲ ಜೋರಾಗಿ ನಡುಗಿದರೆ ಯಾವ ಮೆಸೇಜಿಗೂ ಕಾಯದೆ ಎತ್ತರಕ್ಕೆ ಹೋಗಬೇಕು, ಹಾಗಾಗಿ ಹೋಟೆಲಿಗೆ ಕಾಲಿಟ್ಟ ತಕ್ಷಣ ಹತ್ತಿರದ ಎತ್ತರದ ಜಾಗ ಯಾವುದು, ದಾರಿ ಯಾವುದು ಅಂತ ಕೇಳಿ ಇಟ್ಟುಕೊಳ್ಳುತ್ತೇವೆ. ಇದನ್ನು ಹೇಳಿದ ಮೇಲೆ ಅವರು ಸಮಾಧಾನವಾಗಿ ತಮ್ಮ ಸೀರೆಗಳ ಲೆಕ್ಕಕ್ಕೆ ಹೋದರು.

ಊಟದ ಚಿಂತೆ ಇಲ್ಲ. ಆ ಎರಡು ದ್ವೀಪಗಳಲ್ಲಿ ಬಂಗಾಳಿ ಕುಟುಂಬಗಳು ಜಾಸ್ತಿ, ಅನ್ನ ಬೇಳೆ ಎಲ್ಲ ಕಡೆ ಸಿಗುತ್ತದೆ, ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ ದೋಸೆಯೂ ಇದೆ. ಮಗನಿಗೆ ರಾಗಿ ಸರಿ ಹಿಟ್ಟು ಮತ್ತು ಒಂದು ಚಿಕ್ಕ ಕೆಟಲ್. ನಗದು ಬೆಂಗಳೂರಿನಿಂದಲೇ. ಸನ್‌ಸ್ಕ್ರೀನ್ ಜಿಂಕ್ ಆಕ್ಸೈಡ್ ಇರುವುದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮರಳಿನಲ್ಲಿ ಸ್ಯಾಂಡ್‌ಫ್ಲೈ ಕಚ್ಚುತ್ತವೆ, ಅದಕ್ಕೆ ಮಕ್ಕಳಿಗೆ ಹತ್ತಿಯ ಉದ್ದ ಪ್ಯಾಂಟ್, ಕೂರಲು ದಪ್ಪ ಚಾಪೆ.

ಚಿಪ್ಪು ಹೆಕ್ಕಿ ತುಂಬಲು ಮಗಳು ಈಗಾಗಲೇ ಒಂದು ಡಬ್ಬಿ ತೆಗೆದಿಟ್ಟಿದ್ದಳು. ಹವಳ ಮತ್ತು ಹಲವು ಜಾತಿಯ ಚಿಪ್ಪುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುತ್ತಾರೆ, ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಏಡಿ ಮನೆ ಬದಲಿಸುವುದನ್ನು ನೋಡಬೇಕು ಅಂದಳು. ಅದಕ್ಕೂ ಇಳಿತದ ಹೊತ್ತು ಬೇಕು, ಪಟ್ಟಿಯಲ್ಲಿ ಗುರುತು ಹಾಕಿದ್ದೇನೆ.

ವಾಪಸ್ ಬರುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯುತ್ತೇವೆ, ಹವಾಮಾನ ಕೆಟ್ಟರೆ ಫೆರಿ ರದ್ದಾಗುತ್ತದೆ, ಅದೇ ದಿನ ವಿಮಾನ ಇಟ್ಟುಕೊಂಡು ಜೀವ ಕೈಯಲ್ಲಿ ಹಿಡಿಯುವುದು ಬೇಡ. ಈ ಒಂದು ರಾತ್ರಿಯ ದುಡ್ಡು ಉಳಿಸಲು ಯಾರೂ ಹೋಗಬೇಡಿ. ಆ ಸಂಜೆ ಸೆಲ್ಯುಲಾರ್ ಜೈಲಿಗೆ ಹೋಗಬೇಕು, ಸೆರೆಕೋಣೆಗಳ ಏಳು ಸಾಲು ಕಟ್ಟಡಗಳಲ್ಲಿ ಈಗ ಉಳಿದಿರುವುದು ಮೂರು, ಮಗಳಿಗೆ ಅಷ್ಟನ್ನಾದರೂ ತೋರಿಸಬೇಕು ಅಂತ ನನ್ನ ಆಸೆ. ಬುಧವಾರ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬರುತ್ತೇವೆ, ಅವರು ಸರಿ ಅಂದರೆ ಗುರುವಾರ ವಿಮಾನದ ಟಿಕೆಟ್, ಅದಾದ ಮೇಲೆ ಫೆರಿ.