ಸತ್ತ ಸಂದೇಶಗಳ ಸಾಲಿನಲ್ಲಿ ಸಿಕ್ಕ ಕಾಫಿ ತೂಕ

ಫೆಬ್ರವರಿ ಎಂದರೆ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಗಳ, ಗೇಟಿನಲ್ಲಿ ಲಾರಿ, ಪಿಕಪ್‌ಗಳ ಸಾಲು ಕರಗದ ತಿಂಗಳು. ಅಂಥದ್ದೊಂದು ವರ್ಕ್ಸ್‌ನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಗೇಟಿನಲ್ಲಿ ಗಾಡಿ ತೂಗಿದೊಡನೆ ಮೂಟೆಗಳ ಲೆಕ್ಕವೂ ತೂಕವೂ ಒಂದು ಸಂದೇಶವಾಗಿ, ಜಾವಾ ಪ್ರೋಗ್ರಾಂಗಳನ್ನು ನಡೆಸುವ ಗ್ಲಾಸ್‌ಫಿಶ್ ಸರ್ವರ್‌ನ ಜೆಎಂಎಸ್ ಕ್ಯೂ, ಅಂದರೆ ಸಂದೇಶಗಳು ಸರದಿಯಲ್ಲಿ ಕಾಯುವ ಸಾಲು, ಸೇರುತ್ತವೆ. ಅಲ್ಲಿಂದ ಅದನ್ನು ಎತ್ತಿಕೊಳ್ಳುವ ಮೆಸೇಜ್ ಡ್ರಿವನ್ ಬೀನ್ ಎಂಬ ಜಾವಾ ಪ್ರೋಗ್ರಾಂ ತುಣುಕು ದಾಸ್ತಾನು ಖಾತೆಗೆ ಬರೆದು ಬೆಳೆಗಾರರ ಮೊಬೈಲಿಗೆ ರಸೀದಿ ಕಳಿಸುತ್ತದೆ. ಜಾವಾ, ಬೀನ್ ಎಂದೆಲ್ಲ ನಾನು ಮೊದಲ ಸಲ ವಿವರಿಸಿದಾಗ ನಮ್ಮ ಮ್ಯಾನೇಜರು ನಾನು ಕಾಫಿಯ ಬಗ್ಗೆಯೇ ತಮಾಷೆ ಮಾಡುತ್ತಿದ್ದೇನೆಂದು ತಿಳಿದಿದ್ದರು.

ಆ ದಿನ ಬೆಳಿಗ್ಗೆ ಆಲ್ದೂರು ಕಡೆಯ ತೋಟವೊಂದರ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, ಹಿಂದಿನ ಸಂಜೆ ಇಳಿಸಿದ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿಗೆ) ಇನ್ನೂ ರಸೀದಿ ಬಂದಿಲ್ಲವೆಂದರು. ಹತ್ತು ಗಂಟೆಯೊಳಗೆ ಅದೇ ದೂರು ಹೇಳುವ ಇನ್ನೂ ಮೂರು ಕರೆಗಳು ಬಂದವು. 4848ನೇ ಪೋರ್ಟಿನ ಅಡ್ಮಿನ್ ಕನ್ಸೋಲ್ ತೆರೆದರೆ ಎಲ್ಲವೂ ಸರಿಯಾಗಿಯೇ ಇತ್ತು. ಜೆಎಂಎಸ್ ಪಿಂಗ್ ಕೊಟ್ಟರೆ ಸೇವೆ ನಡೆಯುತ್ತಿದೆ ಎಂಬ ಉತ್ತರ ಬಂತು. ತೂಕದ ಕ್ಯೂನಲ್ಲಿ ಒಂದೂ ಸಂದೇಶ ಬಾಕಿ ಇರಲಿಲ್ಲ. ಕ್ಯೂ ಉಕ್ಕಿ ಹರಿದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬಂದದ್ದೆಲ್ಲ ಹೋಗಿದೆ, ತಲುಪಬೇಕಾದಲ್ಲಿಗೆ ಮಾತ್ರ ತಲುಪಿಲ್ಲ ಎಂಬ ಸ್ಥಿತಿಯೇ ಹೆಚ್ಚು ಕಳವಳದ್ದು. ಒಮ್ಮೆ ಆಫ್ ಮಾಡಿ ಆನ್ ಮಾಡಬಾರದೇ ಎಂದು ಮ್ಯಾನೇಜರು ಕೇಳಿದರು. ನಮ್ಮಲ್ಲಿ ಸಂದೇಶಗಳನ್ನು ಇಟ್ಟುಕೊಂಡು ಹಂಚುವ ಬ್ರೋಕರ್ ಆದ ಓಪನ್ ಎಂಕ್ಯೂ ಎಂಬೆಡೆಡ್ ರೀತಿಯಲ್ಲಿ, ಅಂದರೆ ಸರ್ವರ್‌ನ ಹೊಟ್ಟೆಯೊಳಗೇ ನಡೆಯುವುದರಿಂದ, ಒಂದನ್ನು ನಿಲ್ಲಿಸಿದರೆ ಎರಡೂ ನಿಲ್ಲುತ್ತವೆ. ಗೇಟಿನಲ್ಲಿ ಹನ್ನೊಂದು ಗಾಡಿಗಳು ನಿಂತಿರುವಾಗ ಅದಕ್ಕೆ ನಾನು ಒಪ್ಪಲಿಲ್ಲ.

ಬ್ರೋಕರ್‌ನ ಸ್ವಂತ ಕಮಾಂಡಿನಿಂದ ಎಲ್ಲ ಡೆಸ್ಟಿನೇಶನ್‌ಗಳನ್ನು, ಅಂದರೆ ಸಂದೇಶ ಸೇರುವ ಕ್ಯೂನಂಥ ಜಾಗಗಳನ್ನು, ಪಟ್ಟಿ ಮಾಡಿಸಿದಾಗ, ನಾನು ತಿಂಗಳುಗಟ್ಟಲೆ ಕಣ್ಣೆತ್ತಿ ನೋಡದ ಒಂದು ಸಾಲಿನಲ್ಲಿ 23 ಎಂಬ ಅಂಕಿ ಇತ್ತು. ಅದು ಡೆಡ್ ಮೆಸೇಜ್ ಕ್ಯೂ. ಬೀನ್ ಒಂದು ಸಂದೇಶವನ್ನು ಸಂಸ್ಕರಿಸುವಾಗ ಎಕ್ಸೆಪ್ಶನ್ ಎಸೆದರೆ, ಅಂದರೆ ದೋಷ ಸಾರಿ ಕೈಬಿಟ್ಟರೆ, ಗ್ಲಾಸ್‌ಫಿಶ್ ಅದನ್ನೇ ಮತ್ತೆ ಮತ್ತೆ ಕೊಟ್ಟು ನೋಡುತ್ತದೆ. ಸೆಟ್ಟಿಂಗ್ ಬದಲಾಯಿಸದೆ ಬಿಟ್ಟಿದ್ದರೆ ಆರು ಸಲ. ಆಮೇಲೂ ಆಗದಿದ್ದರೆ ಅದನ್ನು ಈ ಕ್ಯೂಗೆ ತಳ್ಳಿ ಮುಂದಿನದನ್ನು ಎತ್ತಿಕೊಳ್ಳುತ್ತದೆ. ಒಂದು ಕೆಟ್ಟ ಸಂದೇಶದಿಂದ ಉಳಿದವು ನಿಲ್ಲಬಾರದೆಂಬ ಈ ಏರ್ಪಾಡು ಒಳ್ಳೆಯದೇ, ಆದರೆ ಯಾರಾದರೂ ಹೋಗಿ ನೋಡಬೇಕು. ನನಗಿಂತ ಮೊದಲಿದ್ದವರ ನೋಟ್‌ಬುಕ್ಕಿನಲ್ಲಿ ‘ಡೆಡ್ ಕ್ಯೂ ತುಂಬಿದರೆ ಪರ್ಜ್ ಮಾಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಪರ್ಜ್ ಎಂದರೆ ಒಂದೂ ಬಿಡದೆ ಅಳಿಸುವುದು. ಅಂದು ಆ ಮಾತು ಪಾಲಿಸಿದ್ದರೆ 23 ಲೋಡು ಕಾಫಿಗೆ ನಮ್ಮ ಖಾತೆಯಲ್ಲಿ ಗುರುತೇ ಇರುತ್ತಿರಲಿಲ್ಲ.

ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದೆ. ಸಂಖ್ಯೆಯಾಗಿ ಓದಲಾಗಲಿಲ್ಲ ಎಂಬ ದೂರಿನ ಮುಂದೆ, ಓದಲಾಗದ ಪಠ್ಯ ಇರಬೇಕಾದ ಜಾಗದಲ್ಲಿ ‘????.?’ ಎಂದಿತ್ತು. ಲಾಗ್ ಫೈಲಿನ ಎನ್‌ಕೋಡಿಂಗ್‌ಗೆ, ಅಂದರೆ ಅಕ್ಷರಗಳನ್ನು ಬರೆದಿಡುವ ಸಂಕೇತ ಪದ್ಧತಿಗೆ, ತಿಳಿಯದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ನಡುವಿನ ಚುಕ್ಕೆ ಮಾತ್ರ ಉಳಿದಿತ್ತು. ನಾಲ್ಕು ಚಿಹ್ನೆ, ಒಂದು ಚುಕ್ಕೆ, ಮತ್ತೊಂದು ಚಿಹ್ನೆ: ಅದು ಗಾಡಿಯ ತೂಕದ್ದೇ ಆಕಾರ ಎಂದು ಹೊಳೆಯಲು ನನಗೆ ಅರ್ಧ ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು. ಕ್ಯೂ ಬ್ರೌಸರ್ ಬಳಸಿದರೆ ಸಂದೇಶವನ್ನು ತೆಗೆಯದೆ ಬರಿದೇ ಓದಬಹುದು. ಹಾಗೆ ಮೊದಲನೆಯದನ್ನು ಓದಿದಾಗ ಕಂಡದ್ದು ‘೨೦೪೮.೫’.

ಗೇಟಿಗೆ ಹೋಗಿ ವಿಚಾರಿಸಿದೆ. ಇಲಿ ಕಡಿದು ತೂಕಯಂತ್ರದ ಕೇಬಲ್ ತುಂಡಾಗಿತ್ತು; ಸಂಜೆ ಪಾಳಿಯ ಗುಮಾಸ್ತರು ಯಂತ್ರದ ಪರದೆ ನೋಡಿ ಕೈಯಿಂದಲೇ ತೂಕ ಟೈಪ್ ಮಾಡಿದ್ದರು, ಬೆಳೆಗಾರರ ಹೆಸರಿಗಾಗಿ ಕನ್ನಡಕ್ಕಿಟ್ಟ ಕೀಬೋರ್ಡಿನಲ್ಲೇ. ಸೋಜಿಗವೆಂದರೆ ಅವರು ಮೂಟೆಗಳ ಎಣಿಕೆಯನ್ನೂ ಕನ್ನಡ ಅಂಕಿಯಲ್ಲೇ ಕೊಟ್ಟಿದ್ದರು, ಅದು ಮಾತ್ರ ಸಲೀಸಾಗಿ ದಾಟಿತ್ತು. ಪೂರ್ಣಾಂಕವನ್ನು ಓದುವ ಜಾವಾದ ಪಾರ್ಸ್‌ಇಂಟ್ ವಿಧಾನಕ್ಕೆ ‘೪೧’ ಎಂದರೂ 41 ಎಂದೇ ಅರ್ಥವಾಗುತ್ತದೆ. ದಶಮಾಂಶಕ್ಕೆ ನಾವು ಬಳಸಿದ್ದ ಪಾರ್ಸ್‌ಡಬಲ್ ಇಂಗ್ಲಿಷ್ ಅಂಕಿಯನ್ನಷ್ಟೇ ಒಪ್ಪುತ್ತದೆ. ಒಂದೇ ಭಾಷೆಯ ಒಂದೇ ಲೈಬ್ರರಿಯಲ್ಲಿ ಇಂಥ ಪಂಕ್ತಿಭೇದ ಏಕೋ!

“ಕನ್ನಡದ ಅಂಕಿ ಹೊಡೀಬಾರದಿತ್ತಾ ಸಾರ್?” ಎಂದು ಗುಮಾಸ್ತರು ಅಳುಕುತ್ತ ಕೇಳಿದರು. ಹೊಡೆಯಿರಿ, ತಪ್ಪು ನಿಮ್ಮದಲ್ಲ ಎಂದೆ. ಮಧ್ಯಾಹ್ನ ಕೋಡಿನಲ್ಲಿ ಪಾರ್ಸ್‌ಡಬಲ್ ತೆಗೆದು, ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಬಿಗ್‌ಡೆಸಿಮಲ್ ಹಾಕಿದೆ. ಅದು ಕನ್ನಡ ಅಂಕಿಯನ್ನೂ ಓದುತ್ತದೆ, ತೂಕ, ಹಣದಂಥ ಲೆಕ್ಕಕ್ಕೆ ಮೊದಲಿನಿಂದ ಇರಬೇಕಾದದ್ದೂ ಅದೇ. ಬಳಿಕ ಒಂದು ಚಿಕ್ಕ ಪ್ರೋಗ್ರಾಂ ಬರೆದು, ಪ್ರತಿ ಚೀಟಿ ಸಂಖ್ಯೆಯೂ ಖಾತೆಯಲ್ಲಿ ಈಗಾಗಲೇ ಇಲ್ಲವೆಂದು ಖಚಿತಪಡಿಸಿಕೊಂಡು, 23 ಸಂದೇಶಗಳನ್ನು ಒಂದೊಂದಾಗಿ ಮೂಲ ಕ್ಯೂಗೆ ಮರಳಿಸಿದೆ. ಡೆಡ್ ಕ್ಯೂ ಸಾವಿರ ಸಂದೇಶ ದಾಟಿದರೆ ಹಳೆಯದನ್ನು ತಾನಾಗಿಯೇ ಎಸೆಯುತ್ತದೆ. ನಮ್ಮ ಅದೃಷ್ಟಕ್ಕೆ ಆ ಗಡಿ ದೂರವಿತ್ತು.

ನಾಲ್ಕೂವರೆಗೆ ಆಲ್ದೂರಿನ ರೈಟರ್ ಮತ್ತೆ ಫೋನ್ ಮಾಡಿದರು. ರಸೀದಿ ಬಂದಿದೆ, ಆದರೆ ಎರಡು ಕೆಜಿ ಕಡಿಮೆ ಕಾಣುತ್ತಿದೆಯಲ್ಲ ಎಂದರು. ಅದನ್ನು ಗೇಟಿನವರಿಗೆ ವರ್ಗಾಯಿಸಿದೆ.